ಕೇಳುಗರು ಇದ್ದಾರೆ, ದುಡ್ಡು ಕೊಡುವವರು ಇಲ್ಲ

ಬೆಂಗಳೂರಿನಲ್ಲಿ ಹೊಸ ರಾಕ್ ಬ್ಯಾಂಡ್‌ಗಳಿಗೆ ಕೇಳುಗರೇ ಇಲ್ಲ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅಷ್ಟು ಸುಲಭವಾಗಿ ಒಪ್ಪೋಕೆ ಆಗಲ್ಲ ಸಾರ್. ಪರ್ವಾಜ್ ಬ್ಯಾಂಡನ್ನೇ ನೋಡಿ. 2010ರಲ್ಲಿ ಇಲ್ಲೇ ಶುರುವಾಗಿದ್ದು. ಹಾಡುವುದು ಉರ್ದು, ಕಾಶ್ಮೀರಿಯಲ್ಲಿ. ಒಂದು ಪದವೂ ಅರ್ಥವಾಗದ ನನ್ನಂಥವರೂ ಮುಂದೆ ನಿಂತು ಕೇಳಿದ್ದೇವೆ. 2014ರಲ್ಲಿ ಒಂದು ಆಲ್ಬಂ, ಆಮೇಲಿನದು ಬಂದಿದ್ದು 2019ರಲ್ಲಿ. ಅಷ್ಟು ವರ್ಷ ಜನ ಕಾದರು ಅಲ್ವಾ?

ತೊಂದರೆ ಇರುವುದು ಬೇರೆ ಕಡೆ. ಗೆಳೆಯರ ಬ್ಯಾಂಡ್ ಜೊತೆ ಕೇಬಲ್ ಸುತ್ತಿಕೊಂಡು ಓಡಾಡಿದವನು ನಾನು. ಒಂದು ಪಬ್‌ನಲ್ಲಿ ಸೌಂಡ್ ಚೆಕ್‌ಗೆ, ಅಂದರೆ ಶೋಗೆ ಮುಂಚೆ ಸದ್ದು ಸರಿಮಾಡಿಕೊಳ್ಳೋಕೆ, ಕೊಟ್ಟಿದ್ದು ಹತ್ತೇ ನಿಮಿಷ. ಹಾಡುವವನಿಗೆ ತನ್ನ ದನಿ ತನಗೇ ಕೇಳಲಿ ಅಂತ ಮುಂದೆ ಇಡುವ ಸ್ಪೀಕರ್, ಅಂದರೆ ಮಾನಿಟರ್, ಕೆಟ್ಟಿತ್ತು. ಪಾಪ, ಡ್ರಮ್ಸ್ ಗದ್ದಲದಲ್ಲಿ ಅಂದಾಜಿನ ಮೇಲೇ ಶ್ರುತಿ ಹಿಡಿದ. ನಾಲ್ಕನೇ ಹಾಡಿಗೆ ಮ್ಯಾನೇಜರ್ ಬಂದು "ಸ್ವಂತದ್ದು ಸಾಕು, ಜನಕ್ಕೆ ಗೊತ್ತಿರೋದು ಹಾಡಿ" ಅಂದರು. ಕೊನೆಗೆ ದುಡ್ಡಿನ ಬದಲು ಊಟದ ಕೂಪನ್! ಬ್ಯಾಂಡ್ ಅಭ್ಯಾಸ ಮಾಡುವ ಜ್ಯಾಮ್ ರೂಮಿಗೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಕಟ್ಟಬೇಕು, ಅಲ್ಲಿ ಕೂಪನ್ ತಗೊಳ್ತಾರಾ?

1996ರಲ್ಲಿ ಹುಟ್ಟಿದ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ ಬ್ಯಾಂಡ್ ಸ್ವಂತ ಹಾಡುಗಳಿಂದಲೇ ಹೆಸರು ಮಾಡಿದ ಊರಿದು. ಮುಂದಿನ ಸಲ ಪಬ್‌ಗಳಿಗೆ ಹೋಗಿ, ಹೊಸಬರಿಗೆ ಎಷ್ಟು ಕೊಡುತ್ತೀರಿ ಅಂತ ನೇರವಾಗಿ ಕೇಳಿ ಬರೆಯಿರಿ. ಅದನ್ನು ಓದುವವರು ಜಾಸ್ತಿ ಇದ್ದಾರೆ.