ಒಂದೇ ವಿಡಿಯೊ, ಎರಡು ಊರು

ಕಳೆದ ತಿಂಗಳು ಕೋಲಾರದಲ್ಲಿರುವ ಸೋದರತ್ತೆಯ ಮನೆಗೆ ಹೋಗಿದ್ದೆ. ಕಾಫಿ ಕುಡಿಯುತ್ತಾ ಕುಳಿತಿದ್ದಾಗ ಅವರ ಮೊಬೈಲ್‌ಗೆ ಒಂದು ವಿಡಿಯೊ ಬಂತು. ಜನ ಒಬ್ಬ ಹೆಂಗಸನ್ನು ಸುತ್ತುವರಿದು ಹೊಡೆಯುತ್ತಿದ್ದರು. ಕೆಳಗೆ ಕನ್ನಡದಲ್ಲಿ ‘ಕೋಲಾರ ಬಸ್ ನಿಲ್ದಾಣದಲ್ಲಿ ಸಿಕ್ಕಿಬಿದ್ದ ಮಕ್ಕಳ ಕಳ್ಳಿ. ಎಲ್ಲರಿಗೂ ಕಳುಹಿಸಿ’ ಎಂದಿತ್ತು. ಶಾಲೆಗೆ ಹೋಗಿದ್ದ ಮೊಮ್ಮಕ್ಕಳನ್ನು ನೆನೆದು ಅತ್ತೆಯ ಕೈ ನಡುಗತೊಡಗಿತು.

ನಾನು ವಿಡಿಯೊ ನಿಲ್ಲಿಸಿ, ಹಿಂದೆ ಕಾಣುತ್ತಿದ್ದ ಅಂಗಡಿಯ ಫಲಕ ತೋರಿಸಿದೆ. ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು. “ಇದು ನಮ್ಮ ಕಡೆಯ ಅಕ್ಷರವಲ್ಲ ಕಣಮ್ಮಾ. ಕನ್ನಡ, ತೆಲುಗು ಎರಡೂ ದುಂಡಗಿರುತ್ತವೆ. ಇದು ಗೆರೆ ಎಳೆದು ನೇತುಹಾಕಿದ ಹಾಗಿದೆ. ಹಿಂದಿಯೂ ಅಲ್ಲ, ಅದನ್ನು ರೈಲು ನಿಲ್ದಾಣದಲ್ಲಿ ನೋಡಿದ್ದೇನೆ” ಎಂದರು. ಅದು ಬಂಗಾಳಿ. ಆಮೇಲೆ ಯಾರೂ ಹೇಳದೆಯೇ ಗಡಿಯಾಚೆ ಆಂಧ್ರದ ಮದನಪಲ್ಲಿಯಲ್ಲಿರುವ ತಂಗಿಗೆ ಫೋನ್ ಮಾಡಿ ತೆಲುಗಿನಲ್ಲಿ ವಿಚಾರಿಸಿದರು. ಅಲ್ಲಿಗೆ ಅದೇ ವಿಡಿಯೊ ಎರಡು ದಿನ ಮೊದಲೇ ಬಂದಿತ್ತು. ಬರಹ ತೆಲುಗಿನಲ್ಲಿ, ಬಸ್ ನಿಲ್ದಾಣ ಮದನಪಲ್ಲಿಯದು!

ಅತ್ತೆ ಓದಿದ್ದು ಏಳನೇ ತರಗತಿ. ತವರಿನಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆಜಿಎಫ್‌ನಲ್ಲಿ ಸಂಸಾರ ಹೂಡಿದ ಮೇಲೆ ತಮಿಳು. ಗಡಿಭಾಗದಲ್ಲಿ ಇದನ್ನು ಯಾರೂ ವಿದ್ಯೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ತರಕಾರಿ ಚೌಕಾಸಿಗೆ, ಬೀಗರ ಜೊತೆ ಮಾತಿಗೆ ಮೂರು ಭಾಷೆ ಬಳಸುವ ನಾವು, ಮೊಬೈಲ್ ಕೈಗೆತ್ತಿಕೊಂಡಾಗ ಮಾತ್ರ ಕೆಳಗಿನ ಬರಹವನ್ನಷ್ಟೇ ನಂಬಿಬಿಡುತ್ತೇವೆ. ನನ್ನ ತಕರಾರು ಇರುವುದೇ ಇಲ್ಲಿ.

ಇದರ ಬೆಲೆಯನ್ನು ನಾವು ಈಗಾಗಲೇ ತೆತ್ತಿದ್ದೇವೆ. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ನೆನಪಿದೆಯೇ? ಅದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ಸುರಕ್ಷತೆಯ ಬಗ್ಗೆ ಜಾಗೃತಿ ಮೂಡಿಸಲು ಒಂದು ಸಂಸ್ಥೆ ಮಾಡಿಸಿದ್ದ ಅಭಿನಯ. ಕೊನೆಯಲ್ಲಿ ಅವರು ಮಗುವನ್ನು ವಾಪಸ್ ತಂದು ಬಿಟ್ಟು, ಉರ್ದುವಿನಲ್ಲಿ ಬರೆದ ಫಲಕ ಎತ್ತಿ ತೋರಿಸುತ್ತಾರೆ. ಯಾರೋ ಆ ಭಾಗವನ್ನೇ ಕತ್ತರಿಸಿದರು. ಕರ್ನಾಟಕದಲ್ಲಿ ಉರ್ದು ಓದಬಲ್ಲವರು ಲಕ್ಷಗಟ್ಟಲೆ ಇದ್ದಾರೆ. ಫಲಕ ಉಳಿದಿದ್ದರೆ ಅವರಲ್ಲಿ ಯಾರಾದರೂ ಮೊದಲ ದಿನವೇ ಸತ್ಯ ಹೇಳುತ್ತಿದ್ದರು. ತುಂಡಾದ ವಿಡಿಯೊ ಊರೂರಿಗೆ ಆಯಾ ಊರಿನ ಭಾಷೆಯ ಬರಹ ಹೊತ್ತು ತಿರುಗಿತು. ಅಂಥ ವದಂತಿಗಳ ಭಯದಲ್ಲೇ 2018ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ, ರಾಜಸ್ಥಾನದಿಂದ ಬಂದಿದ್ದ 26 ವರ್ಷದ ಯುವಕನನ್ನು ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಸತ್ತರು. ಅವರ ಗುಂಪು ಮಾಡಿದ್ದು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದು. ಕನ್ನಡ, ಮರಾಠಿ, ದಖನಿ ಉರ್ದು ಬೆರೆತ ಸೀಮೆ ಅದು. ಭಾಷೆಗಳಿದ್ದವು, ಕೇಳುವ ವ್ಯವಧಾನ ಇರಲಿಲ್ಲ. ಈ ಮಾತು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ.

ಸುಳ್ಳು ಯಾವಾಗಲೂ ಕಿಡಿಗೇಡಿಗಳಿಂದಲೇ ಬರುವುದಿಲ್ಲ. 2025ರ ಜುಲೈನಲ್ಲಿ ನಟಿ ಬಿ. ಸರೋಜಾದೇವಿಯವರ ನಿಧನಕ್ಕೆ ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕನ್ನಡದಲ್ಲಿ ಸಂತಾಪ ಸೂಚಿಸಿದಾಗ, ಫೇಸ್‌ಬುಕ್‌ನ ಒಡೆತನದ ಕಂಪನಿ ಮೆಟಾದ ಯಂತ್ರಾನುವಾದ ಮುಖ್ಯಮಂತ್ರಿಯೇ ತೀರಿಕೊಂಡರೆಂಬ ಅರ್ಥ ಕೊಟ್ಟಿತು. ಕಂಪನಿ ಕೊನೆಗೆ ಕ್ಷಮೆ ಕೇಳಿತು. ಆ ತಪ್ಪನ್ನು ಹಿಡಿದದ್ದು ಮೂಲ ಓದಬಲ್ಲ ಕನ್ನಡಿಗರು.

ಹಾಗಾಗಿ ಕೇಳಿಕೊಳ್ಳುತ್ತೇನೆ: ಧ್ವನಿ ಜೋರು ಮಾಡಿ ಕೇಳಿ, ಹಿಂದಿನ ಬೋರ್ಡು ಓದಿ, ವಾಹನದ ನಂಬರ್ ಪ್ಲೇಟ್ ನೋಡಿ, ಗಡಿಯಾಚೆಯ ನೆಂಟರಿಗೆ ಒಂದು ಫೋನ್ ಮಾಡಿ. ಸುಳ್ಳೆಂದು ತಿಳಿದರೆ ಸುಮ್ಮನೆ ಅಳಿಸಬೇಡಿ, ಅದು ಬಂದ ಭಾಷೆಯಲ್ಲೇ ಉತ್ತರ ಕೊಡಿ.

ಅತ್ತೆ ಅವತ್ತೇ ಕುಟುಂಬದ ಗುಂಪಿಗೆ ಕನ್ನಡದಲ್ಲಿ, ತಂಗಿಯ ಕಡೆಯವರಿಗೆ ತೆಲುಗಿನಲ್ಲಿ ಧ್ವನಿ ಸಂದೇಶ ಕಳುಹಿಸಿದರು. ಅತ್ತೆಗೆ ವಿಡಿಯೊ ಕಳುಹಿಸಿದ್ದ ಕೋಲಾರದ ಹುಡುಗ ಅದನ್ನು ಅಳಿಸಿದ. ಮದನಪಲ್ಲಿಯ ಗುಂಪಿನಲ್ಲಿ ಅದು ಇನ್ನೂ ಇದೆಯಂತೆ. ಅತ್ತೆ ಎರಡು ದಿನಕ್ಕೊಮ್ಮೆ ಫೋನ್ ಮಾಡಿ ವಿಚಾರಿಸುತ್ತಿದ್ದಾರೆ.