ಅಮ್ಮ ನನ್ನನ್ನು ಒಬ್ಬನೇ ಕಳಿಸಿದ್ದಳು

ನಾಲ್ಕು ವರ್ಷದ ಹಿಂದಿನ ಮಾತು. ಮಗಳು ಒಂದನೇ ಕ್ಲಾಸಿಗೆ ಸೇರಿ ಎರಡು ತಿಂಗಳಾಗಿತ್ತು. ಇಲ್ಲಿ ಜರ್ಮನಿಯ ಎರ್ಲಾಂಗೆನ್‌ನಲ್ಲಿ, ಅವಳ ಶಾಲೆಯಲ್ಲಿ ಅಪ್ಪ ಅಮ್ಮಂದಿರ ಸಭೆ. ಮಕ್ಕಳ ಪುಟ್ಟ ಕುರ್ಚಿಗಳಲ್ಲೇ ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತಿದ್ದೆವು. ಟೀಚರ್ ಜಾಸ್ತಿ ಏನೂ ಹೇಳಲಿಲ್ಲ. ಮಕ್ಕಳನ್ನು ಕಾರಿನಲ್ಲಿ ತಂದು ಬಿಡಬೇಡಿ, ನಡೆದು ಬರಲಿ, ಆದಷ್ಟು ಬೇಗ ನೀವಿಲ್ಲದೆ ಬರಲಿ ಎಂದರು. ಕಾರಲ್ಲಿ ತಂದು ಬಿಡುವವರಿಗೆ ಇಲ್ಲಿ ಒಂದು ಹೆಸರೇ ಇದೆ, 'ಎಲ್ಟರ್ನ್‌ಟ್ಯಾಕ್ಸಿ'. ಅಪ್ಪ ಅಮ್ಮನ ಟ್ಯಾಕ್ಸಿ ಅಂತ. ಹೊಗಳಿಕೆಯಲ್ಲ, ಬೈಗುಳ.

ಆ ಭಾನುವಾರ ತಿಪಟೂರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಹೇಳಿದೆ.

"ಆರು ವರ್ಷದ ಕೂಸನ್ನ ಒಂದನ್ನೇ ಕಳಿಸ್ತೀಯೇನೋ? ನಿನ್ ತಲೆ ನೆಟ್ಟಗಿದೆ ತಾನೆ?"

"ನನ್ನನ್ನ ನೀನು ಹೇಗಮ್ಮ ಕಳಿಸಿದ್ದೆ?"

"ಆ ಕಾಲವೇ ಬೇರೆ ಬಿಡು."

ಏನು ಬೇರೆ ಇತ್ತು ಅಂತ ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ಒಲೆ ಮೇಲೆ ಹಾಲಿದೆ ಅಂತ ಫೋನ್ ಇಟ್ಟಳು.

1983ರಲ್ಲಿ ನಾನು ಮೂರನೇ ಕ್ಲಾಸು. ಮನೆಯಿಂದ ಶಾಲೆ ಹತ್ತಿರ ಹತ್ತಿರ ಒಂದೂವರೆ ಕಿಲೋಮೀಟರ್. ನಡುವೆ ಬಿ.ಎಚ್. ರಸ್ತೆ, ಅಂದರೆ ಬೆಂಗಳೂರು–ಹೊನ್ನಾವರ ರಸ್ತೆ ದಾಟಬೇಕು, ಆಮೇಲೆ ರೈಲ್ವೆ ಗೇಟು. ಆಗಿನ್ನೂ ಮೀಟರ್ ಗೇಜ್. ಐದು ಪೈಸೆ ಅಲ್ಯೂಮಿನಿಯಂ ನಾಣ್ಯವನ್ನು ಹಳಿ ಮೇಲಿಟ್ಟು, ರೈಲು ಹೋದ ಮೇಲೆ ಹಾಳೆಯಂತಾದ ಅದನ್ನು ಹುಡುಕುವುದು ನಮ್ಮ ಕಸುಬು. ಹೋಗುವಾಗ ಇಪ್ಪತ್ತು ನಿಮಿಷ, ಬರುವಾಗ ಒಂದು ಗಂಟೆ. ಆ ಒಂದು ಗಂಟೆಯಲ್ಲಿ ಎಲ್ಲ ನಡೆಯುತ್ತಿತ್ತು. ಕೊಬ್ಬರಿ ಮೂಟೆ ಹೊತ್ತ ಎತ್ತಿನ ಗಾಡಿಯ ಹಿಂದೆ ಜೋತುಬೀಳುವುದು, ಮಂಡಿ ಮುಂದೆ ಬಿದ್ದ ಚೂರು ಆಯ್ದು ತಿನ್ನುವುದು, ಹುಣಸೆಮರಕ್ಕೆ ಕಲ್ಲು. ಹೆಡೆಮಟ್ಟೆ ಕೆತ್ತಿದರೆ ಬ್ಯಾಟು. ಬುಗುರಿ ಕಾಲ ಬಂದರೆ ಬುಗುರಿ, ಗೋಲಿ ಕಾಲ ಬಂದರೆ ಗೋಲಿ. ಯಾರು ತೀರ್ಮಾನ ಮಾಡುತ್ತಿದ್ದರೋ, ಒಂದು ದಿನ ಇದ್ದಕ್ಕಿದ್ದಂತೆ ಇಡೀ ಊರಿನ ಹುಡುಗರ ಜೇಬಿನಲ್ಲಿ ಗೋಲಿ ಇರುತ್ತಿತ್ತು.

ನಮ್ಮ ಹೈಸ್ಕೂಲು ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ವಾರಕ್ಕೊಂದು ಚಿತ್ರ ಬರುತ್ತದೆ. ಒಂದು ಕಡೆ ಟೈರ್ ಓಡಿಸುವ ಹುಡುಗ, ಇನ್ನೊಂದು ಕಡೆ ಸೋಫಾದಲ್ಲಿ ಮೊಬೈಲ್ ಹಿಡಿದ ಹುಡುಗ. ಕೆಳಗೆ "ನಮ್ಮ ಬಾಲ್ಯವೇ ಬಾಲ್ಯ". ಮೂವತ್ತು ಕೈಮುಗಿಯುವ ಗುರುತು. ನನಗೆ ಇದು ಸಿಟ್ಟು ಬರಿಸುತ್ತದೆ. ಆ ಮೊಬೈಲ್ ಕೊಡಿಸಿದ್ದು ಯಾರು? ಅದಿರಲಿ, ಆ ಹುಡುಗ ಮೊಬೈಲ್ ಬಿಸಾಡಿ ಟೈರ್ ಹಿಡಿದುಕೊಂಡು ಹೊರಗೆ ಬಂದ ಅಂತಲೇ ಇಟ್ಟುಕೊಳ್ಳಿ. ಎಲ್ಲಿ ಓಡಿಸುತ್ತಾನೆ?

ತಮ್ಮ ಬೆಂಗಳೂರಿನಲ್ಲಿದ್ದಾನೆ. ಅವನ ಮಗನಿಗೆ ಒಂಬತ್ತು ವರ್ಷ. ಶಾಲೆ ಎರಡೂವರೆ ಕಿಲೋಮೀಟರ್. ವ್ಯಾನ್ ಮಾತ್ರ ಏಳು ಹತ್ತಕ್ಕೇ ಬರುತ್ತದೆ, ಇಡೀ ಬಡಾವಣೆ ಸುತ್ತಿ ಹೋಗಬೇಕಲ್ಲ. ಕಳೆದ ಆಗಸ್ಟ್‌ನಲ್ಲಿ ರಜೆಗೆ ಹೋದಾಗ ಒಂದು ಶನಿವಾರ ಅವನನ್ನೂ ಮಗಳನ್ನೂ ಕರೆದುಕೊಂಡು, ಆ ದಾರಿಯಲ್ಲಿ ನಡೆದೇ ನೋಡೋಣ ಎಂದು ಹೊರಟೆ. ಫುಟ್‌ಪಾತ್ ಮೇಲೆ ಮೊದಲು ಒಂದು ಟ್ರಾನ್ಸ್‌ಫಾರ್ಮರ್. ಆಮೇಲೆ ಜಲ್ಲಿ ಗುಡ್ಡೆ. ಆಮೇಲೆ ಅಡ್ಡ ನಿಂತ ಕಾರು. ಆಮೇಲೆ ಚಪ್ಪಡಿ ಕಿತ್ತು ಬಾಯಿ ಬಿಟ್ಟ ಮೋರಿ. ಪ್ರತಿ ಸಲವೂ ರಸ್ತೆಗಿಳಿಯಬೇಕು, ಇಳಿದರೆ ಬೆನ್ನಿಗೇ ಹಾರ್ನು. ಫುಟ್‌ಪಾತ್ ನೆಟ್ಟಗಿದ್ದ ಒಂದೇ ಕಡೆ ಅದರ ಮೇಲೇ ಬೈಕುಗಳು ಬರುತ್ತಿದ್ದವು. ಎರಡು ಕೈಯಲ್ಲಿ ಎರಡು ಮಕ್ಕಳ ಮಣಿಕಟ್ಟು ಬಿಗಿಹಿಡಿದು ನಡೆದೆ. ಅರ್ಧ ದಾರಿಗೆ ಆಟೋ ಹತ್ತಿದೆ. ಬೆಂಗಳೂರಿನಲ್ಲಿ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ ಅಂತ ಪೇಪರಿನಲ್ಲಿ ಓದಿದ್ದೆ. ಅವತ್ತು ಅದಕ್ಕೆ ಇನ್ನೊಂದು ನಾನೇ ಸೇರಿಸಿದೆ.

ಇಂಗ್ಲೆಂಡಿನಲ್ಲಿ ಮೇಯರ್ ಹಿಲ್ಮನ್ (ಮೇಯರ್ ಅನ್ನುವುದು ಅವರ ಹೆಸರೇ, ಹುದ್ದೆಯಲ್ಲ) ಎಂಬ ಸಂಶೋಧಕರು ಸಂಗಡಿಗರ ಜೊತೆ ಇದನ್ನೇ ಲೆಕ್ಕ ಹಾಕಿದ್ದರು. 1971ರಲ್ಲಿ ಅಲ್ಲಿ ಏಳೆಂಟು ವರ್ಷದ ಮಕ್ಕಳಲ್ಲಿ ನೂರಕ್ಕೆ 80 ಮಂದಿ ದೊಡ್ಡವರ ಜೊತೆಯಿಲ್ಲದೆ ಶಾಲೆಗೆ ಹೋಗುತ್ತಿದ್ದರು. 1990ಕ್ಕೆ ನೂರಕ್ಕೆ 9. ಅಪ್ಪ ಅಮ್ಮಂದಿರು ಕೊಟ್ಟ ದೊಡ್ಡ ಕಾರಣ ವಾಹನಗಳ ಭಯ. 1990ರಲ್ಲಿ ಯಾವ ಮಗುವಿನ ಕೈಯಲ್ಲಿ ಮೊಬೈಲ್ ಇತ್ತು? ಮಕ್ಕಳು ಮೊದಲು ಮನೆಯೊಳಗೆ ಹೋದರು. ಪರದೆ ಆಮೇಲೆ ಬಂತು.

ಹಾಗಂತ ಜರ್ಮನಿಯವರು ಹುಟ್ಟುತ್ತಲೇ ಜಾಣರು ಅಂತಲ್ಲ. ಇಲ್ಲೂ ಕಾರಿನ ಹುಚ್ಚು ಕಡಿಮೆ ಏನಿಲ್ಲ, ಕಾರೇ ದೇವರು ಇವರಿಗೆ. ಆದರೆ ಈ ಊರಿಗೆ 1972ರಲ್ಲಿ ಡೀಟ್ಮಾರ್ ಹಾಲ್ವೆಗ್ ಎನ್ನುವವರು ಮೇಯರ್ ಆದರು. 24 ವರ್ಷ ಆ ಕುರ್ಚಿಯಲ್ಲಿದ್ದು, ಸೈಕಲ್ಲಿಗೂ ನಡೆಯುವವರಿಗೂ ಹಟ ಹಿಡಿದು ಜಾಗ ಬಿಡಿಸಿದರು. ನಮ್ಮ ಬೀದಿಯ ತುದಿಯಲ್ಲಿ ಒಂದು ನೀಲಿ ಫಲಕ ಇದೆ. ಅದರಲ್ಲಿ ಚೆಂಡಾಡುವ ಮಗು, ಮನೆ, ಒಂದು ಪುಟ್ಟ ಕಾರು. ಆ ಫಲಕ ದಾಟಿದ ಮೇಲೆ ಕಾರು ಮನುಷ್ಯ ನಡೆಯುವ ವೇಗದಲ್ಲೇ ಹೋಗಬೇಕು, ಮಕ್ಕಳು ರಸ್ತೆ ತುಂಬ ಆಡಬಹುದು. ಅಂದರೆ ನನ್ನ ತಿಪಟೂರಿನ ಬೀದಿಗೆ ಇವರು ಒಂದು ಬೋರ್ಡ್ ಹಾಕಿಕೊಂಡಿದ್ದಾರೆ, ಅಷ್ಟೇ ಅಲ್ವಾ?

ನಾಲ್ಕನೇ ಕ್ಲಾಸಿನಲ್ಲಿ ಪೊಲೀಸರೇ ಮಕ್ಕಳಿಗೆ ಸೈಕಲ್ ಪಾಠ ಮಾಡುತ್ತಾರೆ. ಬರೆಯುವ ಪರೀಕ್ಷೆ ಒಂದು, ಓಡಿಸುವ ಪರೀಕ್ಷೆ ಒಂದು. ಮಗಳು ಪಾಸಾದಳು, ಆದರೆ ಎಡಕ್ಕೆ ತಿರುಗುವಾಗ ಒಂದು ಸಲ ಹೆಗಲ ಮೇಲಿಂದ ಹಿಂದೆ ನೋಡಲಿಲ್ಲ ಅಂತ ಅಂಕ ಹೋಯಿತು. ಎರಡು ದಿನ ಅದೇ ಕೊರಗು. ನಾನು ಸೈಕಲ್ ಕಲಿತದ್ದು ಗಂಟೆಗೆ ಇಷ್ಟು ಅಂತ ಬಾಡಿಗೆ ತಂದ ದೊಡ್ಡವರ ಸೈಕಲ್ಲಿನಲ್ಲಿ, ಕಂಬಿಯ ಕೆಳಗೆ ಕಾಲು ತೂರಿಸಿ ಒಳಪೆಡಲ್ ತುಳಿದು. ಪೊಲೀಸಿನವರ ಪಾಠ ನನಗೂ ಆಗಿದೆ. ಡಬ್ಬಲ್ ರೈಡಿಂಗ್ ಅಂತ ಹಿಡಿದು ಎರಡೂ ಚಕ್ರದ ಗಾಳಿ ಬಿಟ್ಟಿದ್ದರು. ಮನೆವರೆಗೆ ತಳ್ಳಿಕೊಂಡು ಬಂದೆವು.

ಇದನ್ನೆಲ್ಲ ಒಮ್ಮೆ ಅಕ್ಕನ ಹತ್ತಿರ ಹೇಳುತ್ತಾ ಕೂತಿದ್ದೆ. ಬುಗುರಿ, ಹಳಿ, ಹುಣಸೆಮರ. ಪೂರ್ತಿ ಕೇಳಿಸಿಕೊಂಡು ಅಂದಳು: "ಅದು ನಿನ್ ಬಾಲ್ಯ ಕಣೋ. ನಂದಲ್ಲ." ಅವಳು ಆರನೇ ಕ್ಲಾಸಿಗೆ ಬರುತ್ತಲೇ ಬೀದಿ ಆಟ ನಿಂತಿತ್ತು. ನಾನು ಒಂದು ಗಂಟೆ ಬೀದಿ ಅಲೆದು ಬರುವಷ್ಟರಲ್ಲಿ ಅವಳು ನೀರು ಸೇದಿ, ತಮ್ಮನಿಗೆ ಉಣ್ಣಿಸಿ, ಸಂಜೆಯ ಕಸ ಗುಡಿಸಿ ಆಗಿರುತ್ತಿತ್ತು. ನನ್ನ ಜೊತೆ ಓದುತ್ತಿದ್ದ ಒಬ್ಬ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು ಹೋಟೆಲ್ ಸೇರಿದ. ನಾವು ಹೋದರೆ ಅವನೇ ಟೇಬಲ್ ಒರೆಸುತ್ತಿದ್ದ. ಮತ್ತೊಬ್ಬ ಈಜಲು ಹೋಗಿ ಬಾವಿಯಲ್ಲೇ ಉಳಿದ. ಮೇಷ್ಟ್ರ ಹುಣಸೆ ಬರಲಿನ ಗುರುತು ಎಲ್ಲರ ಅಂಗೈಯಲ್ಲಿತ್ತು. ವಾಟ್ಸಾಪ್ ಚಿತ್ರದಲ್ಲಿ ಇವರು ಯಾರೂ ಇರುವುದಿಲ್ಲ. ಆ ಟೈರ್ ಓಡಿಸುವುದು ಯಾವತ್ತೂ ಹುಡುಗನೇ, ನೋಡಿ.

ಇಲ್ಲಿ ಇಲ್ಲದ್ದೂ ಇದೆ. ಮಗಳು ಗೆಳತಿಯ ಮನೆಗೆ ಹೋಗಬೇಕೆಂದರೆ ಎರಡು ಅಮ್ಮಂದಿರು ಮೆಸೇಜು ಮಾಡಿಕೊಂಡು ಗುರುವಾರ ಮೂರಕ್ಕೆ ಅಂತ ಗೊತ್ತು ಮಾಡಬೇಕು. ಹುಟ್ಟುಹಬ್ಬ ಮೂರರಿಂದ ಆರು. ಆರು ಗಂಟೆಗೆ ಅಪ್ಪ ಅಮ್ಮಂದಿರು ಬಾಗಿಲಲ್ಲಿ ಹಾಜರು. ಪಕ್ಕದ ಮನೆ ಅಡುಗೆಮನೆಗೆ ನುಗ್ಗಿ ತಟ್ಟೆ ಹಾಕಿಕೊಂಡು ಕೂರುವುದು ಅವಳಿಗೆ ಕಥೆ. ಭಾನುವಾರ ಅಂತೂ ಊರೇ ಉಸಿರು ಬಿಗಿಹಿಡಿದಿರುತ್ತದೆ. ಶಿಶುವಿಹಾರ, ಆಟದ ಮೈದಾನದ ಗಲಾಟೆ ಸಾಮಾನ್ಯವಾಗಿ ತೊಂದರೆ ಅಂತ ಲೆಕ್ಕಕ್ಕಿಲ್ಲ ಎಂದು ಹೇಳಲು 2011ರಲ್ಲಿ ಇವರು ಕಾನೂನನ್ನೇ ಬದಲಿಸಬೇಕಾಯಿತು. ಅಕ್ಕಪಕ್ಕದವರು ಅಷ್ಟು ಕೋರ್ಟಿಗೆ ಹೋಗುತ್ತಿದ್ದರು! ನಮ್ಮ ಬೀದಿಯ ಅಜ್ಜಿಯರು ಚೆಂಡು ಕಿತ್ತಿಟ್ಟುಕೊಳ್ಳುತ್ತಿದ್ದರು, ನಿಜ. ಸಂಜೆ ಚಕ್ಕುಲಿ ಜೊತೆ ವಾಪಸ್ ಕೊಡುತ್ತಿದ್ದರು.

ಅದೇ ಆಗಸ್ಟ್‌ನಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಎಲ್ಲರೂ ತಿಪಟೂರಿನಲ್ಲಿ ಸೇರಿದ್ದೆವು. ಬೆಳಿಗ್ಗೆ ಅಮ್ಮನಿಗೆ ಹುರಿಗಡಲೆ ಬೇಕಾಯಿತು. ಅಂಗಡಿ ನಮ್ಮ ಗಲ್ಲಿಯ ತುದಿಯಲ್ಲೇ, ಮುಖ್ಯರಸ್ತೆ ದಾಟುವಂತಿಲ್ಲ. ತಮ್ಮನ ಮಗ ಹತ್ತಿರ ಬಂದು ಕೇಳಿದ: "ದೊಡ್ಡಪ್ಪ, ನಾವಿಬ್ರೇ ಹೋಗ್ಲಾ?" ತಮ್ಮ ಬೇಡ ಅನ್ನುವಷ್ಟರಲ್ಲಿ ನಾನು ಐವತ್ತರ ನೋಟು ಕೊಟ್ಟುಬಿಟ್ಟೆ.

ಆಮೇಲೆ ನಮ್ಮನ್ನು ನೋಡಬೇಕಿತ್ತು. ಅಮ್ಮ ಕೈಯಲ್ಲಿ ಸೌಟು ಹಿಡಿದು ಗೇಟಿನಲ್ಲಿ. ತಮ್ಮನ ಹೆಂಡತಿ ಕಿಟಕಿಯಲ್ಲಿ. ನಾನು ಸುಮ್ನೆ ಒಣಗಿದ ಬಟ್ಟೆ ತರುವವನ ಹಾಗೆ ತಾರಸಿಯಲ್ಲಿ. ಐದು ನಿಮಿಷದ ದಾರಿಗೆ ಹದಿನೇಳು ನಿಮಿಷ ಹಿಡಿಯಿತು. ಯಾವುದೋ ಮನೆ ಮುಂದಿನ ಕರುವನ್ನು ನೋಡುತ್ತಾ ನಿಂತಿದ್ದರಂತೆ.

ಹುರಿಗಡಲೆ ಬದಲು ಕಡಲೆಬೇಳೆ ತಂದಿದ್ದರು. ಎರಡು ರೂಪಾಯಿ ಚಿಲ್ಲರೆ ಇರಲಿಲ್ಲ. ಅಂಗಡಿಯವರು ಚಿಲ್ಲರೆ ಇಲ್ಲ ಅಂತ ಚಾಕ್ಲೇಟ್ ಕೊಟ್ಟರು ಎಂದಳು ಮಗಳು.

"ಚಾಕ್ಲೇಟ್ ಎಲ್ಲಿ?" ಅಂದಳು ಅಮ್ಮ.

ಇಬ್ಬರೂ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಕೆನ್ನೆಯೊಳಗೆ ಅದು ಇನ್ನೂ ಕರಗಿರಲಿಲ್ಲ.