ಮಿಜಿಕೆಂಡರ ಕಾಡು, ಕಂಬ ಮತ್ತು ಹಿರಿಯರು

ಕೀನ್ಯಾದ ಕರಾವಳಿಯ ಮಿಜಿಕೆಂಡ ಜನರ ಪವಿತ್ರ ಕಾಡುಗಳನ್ನು ಯುನೆಸ್ಕೊ 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮರುವರ್ಷ, ಅದೇ ಕಾಡುಗಳಲ್ಲಿ ನಡೆದುಕೊಂಡು ಬಂದ ಆಚರಣೆಗಳನ್ನು ತುರ್ತಾಗಿ ರಕ್ಷಿಸಬೇಕಾದ ಅಮೂರ್ತ ಪರಂಪರೆ ಎಂದು ಬೇರೊಂದು ಪಟ್ಟಿಯಲ್ಲಿ ದಾಖಲಿಸಿತು. ಇಂತಹ ವಿಂಗಡಣೆ ಆಡಳಿತಕ್ಕೆ ಅನುಕೂಲವಾಗಿರಬಹುದು; ಆ ಜನರ ಬದುಕಿನಲ್ಲಿ ಮಾತ್ರ ಕಾಡನ್ನೂ ಆಚರಣೆಯನ್ನೂ ಬಿಡಿಸಿ ನೋಡಲಾಗದು. ಮಿಜಿಕೆಂಡ ಸಂಸ್ಕೃತಿಯನ್ನು ಉಳಿಸುವ ಮಾತು ಬಂದಾಗಲೆಲ್ಲ ಕುಣಿತ, ಉಡುಗೆ, ಉತ್ಸವಗಳೇ ಮುಂದೆ ಬಂದು ನಿಲ್ಲುತ್ತವೆ. ಅವುಗಳ ಬಗ್ಗೆ ನನಗೆ ತಕರಾರಿಲ್ಲ. ಆದರೆ ಕಾಡು ಯಾರ ಕೈಯಲ್ಲಿದೆ, ಸತ್ತವರ ಹೆಸರಿನಲ್ಲಿ ನೆಟ್ಟ ಕಂಬಗಳು ನೆಟ್ಟಲ್ಲೇ ಇವೆಯೇ, ಹಿರಿಯರು ಭಯವಿಲ್ಲದೆ ಬದುಕುತ್ತಿದ್ದಾರೆಯೇ ಎಂಬ ಪ್ರಶ್ನೆಗಳನ್ನು ಅದಕ್ಕೂ ಮೊದಲು ಕೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಗಿರಿಯಾಮ, ದಿಗೊ, ದುರುಮ, ಚೋನಿ, ಕೌಮ, ಕಂಬೆ, ರಿಬೆ, ರಬಾಯಿ, ಜಿಬಾನ ಎಂಬ ಒಂಬತ್ತು ಸಮುದಾಯಗಳನ್ನು ಒಟ್ಟಾಗಿ ಮಿಜಿಕೆಂಡ ಎನ್ನುತ್ತಾರೆ. ತಮ್ಮ ಪೂರ್ವಿಕರು ಉತ್ತರದ ಸಿಂಗ್ವಾಯ ಎಂಬಲ್ಲಿಂದ ವಲಸೆ ಬಂದವರೆಂದು ಇವರ ಮೌಖಿಕ ಪರಂಪರೆ ಹೇಳುತ್ತದೆ. ದಟ್ಟ ಕಾಡಿನ ನಡುವೆ ಜಾಗ ತೆರವು ಮಾಡಿ, ಸುತ್ತ ಭದ್ರ ಬೇಲಿ ಕಟ್ಟಿ ಅವರು ನೆಲೆಸಿದ ಹಳ್ಳಿಗಳೇ ಕಾಯಾಗಳು. 16ನೇ ಶತಮಾನದಿಂದ ಹುಟ್ಟಿಕೊಂಡ ಈ ನೆಲೆಗಳನ್ನು 1940ರ ದಶಕದ ಹೊತ್ತಿಗೆ ಜನ ಬಿಟ್ಟು ಹೊರಬಂದರು. ಆದರೂ ಊರನ್ನು ಕಾಯುವ ಫಿಂಗೊ ಎಂಬ ರಕ್ಷಾವಸ್ತುವನ್ನು ಹೂತ ನೆಲ ಅದೇ, ಪೂರ್ವಿಕರ ಸಮಾಧಿಗಳಿರುವುದೂ ಅಲ್ಲೇ. ಹಾಗಾಗಿ ಹಿರಿಯರ ಮಂಡಳಿ ಕಾಯಾಗಳ ಕಟ್ಟುಪಾಡುಗಳನ್ನು ಇಂದಿಗೂ ನಡೆಸಿಕೊಂಡು ಬರುತ್ತಿದೆ. ಕೊಡಗಿನ ದೇವರಕಾಡುಗಳನ್ನು ಬಲ್ಲ ನಮಗೆ, ಕೊಡಲಿಯನ್ನು ಕಾನೂನಿಗಿಂತ ಭಕ್ತಿಯೇ ಹೆಚ್ಚು ತಡೆದಿರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಮೊಂಬಾಸಾದ ದಕ್ಷಿಣಕ್ಕೆ, ಡಯಾನಿ ಕಡಲತೀರದ ಹತ್ತಿರ ದಿಗೊ ಜನರ ಕಾಯಾ ಕಿನೊಂಡೊ ಇದೆ. ಅಲ್ಲಿಗೆ ಯಾರೇ ಹೋಗಲಿ, ಸೊಂಟಕ್ಕೆ ಕಪ್ಪು ಬಟ್ಟೆ ಸುತ್ತಿಕೊಂಡು, ಟೋಪಿ ತೆಗೆದು, ಮಾರ್ಗದರ್ಶಕರ ಹಿಂದೆ ಹೆಜ್ಜೆ ಹಾಕಬೇಕು. ಕಾಲುದಾರಿ ಬಿಟ್ಟು ಅಲೆಯುವಂತಿಲ್ಲ, ಒಂದು ಒಣ ಕಡ್ಡಿಯನ್ನೂ ಎತ್ತಿಕೊಂಡು ಬರುವಂತಿಲ್ಲ. ಪ್ರವಾಸಿಯ ಇಷ್ಟಕ್ಕೆ ತಕ್ಕಂತೆ ಸ್ಥಳವನ್ನು ಬದಲಿಸದೆ, ಸ್ಥಳದ ನಿಯಮಕ್ಕೆ ಪ್ರವಾಸಿಯನ್ನು ಒಗ್ಗಿಸುವ ಈ ಕ್ರಮ ನನಗೆ ಬಹಳ ಮೆಚ್ಚುಗೆಯಾದದ್ದು. ಟಿಕೆಟ್ಟಿನ ಹಣ ಊರಿಗೆ ಬರುತ್ತದೆ, ಹಿರಿಯರ ಮಾತೂ ನಡೆಯುತ್ತದೆ. ಎಲ್ಲ ಕಾಯಾಗಳಿಗೂ ಈ ಭಾಗ್ಯವಿಲ್ಲ. 1992ರಿಂದ ಕೀನ್ಯಾ ಸರ್ಕಾರ ಇವುಗಳನ್ನು ಒಂದೊಂದಾಗಿ ರಾಷ್ಟ್ರೀಯ ಸ್ಮಾರಕಗಳೆಂದು ಘೋಷಿಸುತ್ತ ಬಂದಿದ್ದರೂ, ಜಮೀನು ಕಬಳಿಕೆ, ಮರಗಳ್ಳತನ, ಗಣಿಗಾರಿಕೆ ಮತ್ತು ಕಡಲತೀರದ ಹೋಟೆಲುಗಳ ಒತ್ತಡ ನಿಂತಿಲ್ಲ.

ಈ ಕಾಡುಗಳ ಬಲ ಏನೆಂಬುದನ್ನು ಬ್ರಿಟಿಷರು ಚೆನ್ನಾಗಿಯೇ ಅರಿತಿದ್ದರು. ಗುಡಿಸಲು ತೆರಿಗೆ ಮತ್ತು ಕೂಲಿಗಾಗಿ ಯುವಕರನ್ನು ಒಯ್ಯುವುದರ ವಿರುದ್ಧ 1913ರಲ್ಲಿ ಗಿರಿಯಾಮರನ್ನು ಸಂಘಟಿಸಿದವಳು ಮೆಕಟಿಲಿಲಿ ವಾ ಮೆಂಜಾ ಎಂಬ ವಿಧವೆ. ಅವಳು ಊರೂರಿಗೆ ಹೋಗಿ, ಸಾವಿನ ಸಂದರ್ಭದ ಕಿಫುಡು ಕುಣಿತದಿಂದ ಜನರನ್ನು ಸೇರಿಸಿ, ಕಾಯಾ ಫುಂಗೊದಲ್ಲಿ ಪ್ರತಿಜ್ಞೆ ಮಾಡಿಸಿದಳು. ಸರ್ಕಾರ ಅವಳನ್ನು ಹಿಡಿದು ದೂರದ ಪಶ್ಚಿಮದ ಕಿಸಿಗೆ ಗಡೀಪಾರು ಮಾಡಿದರೆ, ಅವಳು ತಪ್ಪಿಸಿಕೊಂಡು ನಡೆದೇ ಊರು ಸೇರಿದಳು. 1914ರ ಆಗಸ್ಟಿನಲ್ಲಿ ಬ್ರಿಟಿಷರು ಕಾಯಾ ಫುಂಗೊವನ್ನು ಡೈನಮೈಟ್ ಇಟ್ಟು ಸಿಡಿಸಿದರು. ಒಂದು ಜನಾಂಗವನ್ನು ಮಣಿಸಲು ಅವರ ಕಾಡನ್ನೇ ಸ್ಫೋಟಿಸಬೇಕೆಂದು ವಸಾಹತು ಆಡಳಿತಕ್ಕೆ ಹೊಳೆದಿತ್ತು.

ಇಂದು ಮಾಲಿಂದಿಯಲ್ಲಿ ಮೆಕಟಿಲಿಲಿಯ ಪ್ರತಿಮೆಯಿದೆ, ಅವಳ ನೆನಪಿನ ಉತ್ಸವವೂ ನಡೆಯುತ್ತದೆ. ಹಾಂಡೊ ಎಂಬ ನೆರಿಗೆ ತುಂಬಿದ ಲಂಗ ತೊಟ್ಟ ಹೆಂಗಸರು ಹಾಡುತ್ತ ಬೀದಿಗೆ ಬರುವುದು ನಿಜಕ್ಕೂ ಹೆಮ್ಮೆಯ ಸಂಗತಿ. ಆದರೆ ಅದೇ ಕರಾವಳಿಯ ಹೋಟೆಲುಗಳಲ್ಲಿ ಊಟದ ಹೊತ್ತಿನ ಮನರಂಜನೆಯಾಗಿ ಗಿರಿಯಾಮ ಕುಣಿತ ನಡೆಯುವಾಗ, ಅದರ ಹಿಂದಿನ ಸಂದರ್ಭ, ಹಾಡಿನ ಅರ್ಥ, ಕುಣಿಯುವವರ ಹಕ್ಕು ಯಾವುದೂ ಉಳಿದಿರುವುದಿಲ್ಲ. ಕಲಾವಿದರ ಹೊಟ್ಟೆಪಾಡನ್ನು ನಾನು ಹೀಗಳೆಯಲಾರೆ. ಅದನ್ನೇ ಸಂರಕ್ಷಣೆ ಎಂದು ಕರೆಯುವುದನ್ನು ಮಾತ್ರ ಒಪ್ಪಲಾರೆ.

ಸತ್ತವರ ಹೆಸರಿನಲ್ಲಿ ನೆಡುವ ವಿಗಾಂಗೊ ಎಂಬ ಕಂಬಗಳ ಕಥೆ ಇನ್ನೂ ನೋವಿನದು. ಗೋಹು ಎಂಬ ಪ್ರತಿಷ್ಠಿತ ಕೂಟದ ಸದಸ್ಯರು ತೀರಿಕೊಂಡರೆ ಅವರ ಹೆಸರಿನಲ್ಲಿ ಗಟ್ಟಿ ಮರದ ಕಂಬ ಕೆತ್ತಿಸಿ ನೆಡುತ್ತಾರೆ. ಮೇಲೆ ದುಂಡು ತಲೆ, ಕೆಳಗೆ ಚಪ್ಪಟೆ ಮೈ, ಮೈತುಂಬ ಸಾಲು ಸಾಲು ತ್ರಿಕೋನಗಳ ಕೆತ್ತನೆ. ಅದು ಸತ್ತವನ ಆತ್ಮದ ನೆಲೆ. ಗಾಳಿ ಮಳೆಗೆ ಸವೆದು ನಶಿಸಿದರೂ ಕಿತ್ತು ಸರಿಸಬಾರದು, ಸರಿಸಿದರೆ ಮನೆತನಕ್ಕೆ ಕೇಡು ಎಂಬ ನಂಬಿಕೆಯಿದೆ. ಅಂತಹ ನೂರಾರು ಕಂಬಗಳು ಕಳುವಾಗಿ, ಕಲಾಕೃತಿಗಳೆಂಬ ಹೆಸರಿನಲ್ಲಿ ಅಮೆರಿಕದ ಸಂಗ್ರಾಹಕರ ಮನೆ ಸೇರಿದವು. 1985ರಲ್ಲಿ ಮಾನವಶಾಸ್ತ್ರಜ್ಞೆ ಮೋನಿಕಾ ಉಡ್ವಾರ್ಡಿ ಒಬ್ಬ ಗಿರಿಯಾಮ ಹಿರಿಯರ ಫೋಟೊವನ್ನು, ಅವರು ತಮ್ಮ ಸೋದರರಿಗಾಗಿ ನೆಡಿಸಿದ್ದ ಎರಡು ಕಂಬಗಳ ಜೊತೆ ತೆಗೆದಿದ್ದರು. ಆಮೇಲೆ ಆ ಕಂಬಗಳು ಕಳುವಾದವು. ಎಷ್ಟೋ ವರ್ಷಗಳ ನಂತರ ಅವು ಅಮೆರಿಕದ ಎರಡು ಸಂಗ್ರಹಾಲಯಗಳಲ್ಲಿ ಪತ್ತೆಯಾದಾಗ ಆ ಫೋಟೊವೇ ಸಾಕ್ಷಿಯಾಯಿತು. 2007ರಲ್ಲಿ ಒಂದು ಕಂಬ ಸಮಾರಂಭದೊಂದಿಗೆ ಕುಟುಂಬದ ಕೈ ಸೇರಿತು. ಡೆನ್ವರ್‌ನ ಸಂಗ್ರಹಾಲಯವೊಂದು ತನ್ನಲ್ಲಿದ್ದ 30 ವಿಗಾಂಗೊಗಳನ್ನು ಕೀನ್ಯಾದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಮರಳಿಸಿತು. ಆದರೆ ಮಾರಿದವರು ಊರಿನ ಹೆಸರನ್ನೇ ದಾಖಲಿಸದಿದ್ದರೆ, ಮರಳಿದ ಕಂಬವನ್ನು ಯಾರ ಅಂಗಳದಲ್ಲಿ ನೆಡುವುದು?

ಈ ಪ್ರಶ್ನೆಗೆ ಉತ್ತರ ಹೇಳಬಲ್ಲವರು ಹಿರಿಯರು. ಆ ಹಿರಿಯರನ್ನೇ ಕಿಲಿಫಿ, ಕ್ವಾಲೆ ಭಾಗಗಳಲ್ಲಿ ಮಾಟಗಾರರೆಂಬ ಆರೋಪ ಹೊರಿಸಿ ಕೊಲ್ಲಲಾಗುತ್ತಿದೆ. ನರೆತ ಕೂದಲೇ ಗುಮಾನಿಗೆ ಕಾರಣವಾಗುವುದರಿಂದ ಮುದುಕರು ತಲೆಗೆ ಬಣ್ಣ ಹಚ್ಚಿಕೊಳ್ಳುವಂತಾಗಿದೆ. ಅನೇಕ ಪ್ರಕರಣಗಳಲ್ಲಿ ಮಾಟದ ಮಾತು ಬರಿಯ ನೆಪ, ಒಳಗಿರುವುದು ಜಮೀನಿನ ಆಸೆ. ಕಾಯಾದ ಮಂತ್ರ, ವಂಶಾವಳಿ, ಗಿಡಮೂಲಿಕೆಯ ತಿಳಿವಳಿಕೆ ಎಲ್ಲವೂ ಬಾಯಿಂದ ಬಾಯಿಗೆ ಬಂದದ್ದು. ಒಬ್ಬ ಹಿರಿಯರ ಕೊಲೆಯಾದರೆ ಯಾವ ಸಂಗ್ರಹಾಲಯವೂ ಅದನ್ನು ತುಂಬಿಕೊಡಲಾರದು. ಆದ್ದರಿಂದ ಉತ್ಸವದ ವೇದಿಕೆಯೇರುವ ಜನಪ್ರತಿನಿಧಿಗಳು ಈ ಕೊಲೆಗಳ ಹಿಂದಿನ ಜಮೀನು ವ್ಯಾಜ್ಯಗಳನ್ನು ತನಿಖೆ ಮಾಡಿಸಲಿ, ಕಾಯಾಗಳ ಗಡಿಯನ್ನು ಅಳೆಸಿ ಹಿರಿಯರ ಮಂಡಳಿಗಳಿಗೆ ಹಕ್ಕುಪತ್ರ ಕೊಡಿಸಲಿ. ವಿಗಾಂಗೊಗಳನ್ನು ಇನ್ನೂ ಇಟ್ಟುಕೊಂಡಿರುವ ಸಂಗ್ರಹಾಲಯಗಳು ಅವುಗಳನ್ನು ನೈರೋಬಿಗೆ ಕಳಿಸಿ ಕೈತೊಳೆದುಕೊಳ್ಳದೆ, ಊರು ಹುಡುಕುವ ಮತ್ತು ಮರಳಿ ನೆಡುವ ಖರ್ಚನ್ನೂ ಭರಿಸಲಿ.